ಬೆಳಕಿನ ಟೆಸ್ಟ್ ಒಳ್ಳೆಯದೇ, ಆದರೆ ಮ್ಯಾಮೊಗ್ರಾಮ್ ಬಿಡಬೇಡಿ

ಮಾನ್ಯ ಸಂಪಾದಕರೇ,

ನಾನು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಮ್ಯಾಮೊಗ್ರಾಮ್, ಅಂದರೆ ಸ್ತನ ಕ್ಯಾನ್ಸರ್ ಪತ್ತೆಗೆ ಎದೆಯ ಎಕ್ಸ್‌ರೇ, ತೆಗೆಯುವ ರೇಡಿಯೋಗ್ರಾಫರ್. ಈಚೆಗೆ ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳು ಒಂದು ಪ್ರಶ್ನೆ ಜಾಸ್ತಿ ಕೇಳುತ್ತಿದ್ದಾರೆ: "ಮೇಡಂ, ನೋವಿಲ್ಲದೆ ಬೆಳಕಲ್ಲೇ ನೋಡೋ ಟೆಸ್ಟ್ ಇದೆಯಂತಲ್ಲ, ಅದೇ ಸಾಕಲ್ವಾ?" ಕೇಳುವುದರಲ್ಲಿ ತಪ್ಪೇನಿಲ್ಲ. ತಣ್ಣನೆಯ ಪ್ಲೇಟ್ ಎದೆಯನ್ನು ಒತ್ತಿದಾಗ ಅವರು ಹಲ್ಲು ಕಚ್ಚಿಕೊಂಡು ನಿಲ್ಲುವುದನ್ನು ದಿನಾ ನೋಡುವವಳು ನಾನು.

ಆದರೆ ಕಳೆದ ವರ್ಷ ಬಂದ ಒಬ್ಬ ತಾಯಿಯನ್ನು ಮರೆಯಲು ಆಗುತ್ತಿಲ್ಲ. ಎಡ ಎದೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಪರ್ಸಿನಲ್ಲಿ ನಾಲ್ಕಾಗಿ ಮಡಚಿಟ್ಟ ಒಂದು ಚೀಟಿ. ಯಾವುದೋ ಶಿಬಿರದಲ್ಲಿ ಇನ್‌ಫ್ರಾರೆಡ್ ತಪಾಸಣೆ ಮಾಡಿ "ನಾರ್ಮಲ್" ಎಂದು ಬರೆದುಕೊಟ್ಟದ್ದು. ಆ ಚೀಟಿ ನಂಬಿ ಅವರು ತಿಂಗಳುಗಟ್ಟಲೆ ಸುಮ್ಮನಿದ್ದರು. ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ಇನ್‌ಫ್ರಾರೆಡ್ ಎಂದರೆ ಜನ ಎಲ್ಲವನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೈಯಿಂದ ಹೊರಬರುವ ಶಾಖವನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಥರ್ಮಲ್ ತಪಾಸಣೆ. ಅದು ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ನಿಯರ್ ಇನ್‌ಫ್ರಾರೆಡ್ ಬೇರೆ. ಇದೇ ಬೆಳಕಿನ ಟೆಸ್ಟ್: ಬೆಳಕನ್ನೇ ಎದೆಯೊಳಗೆ ಕಳಿಸಿ, ವಾಪಸ್ ಎಷ್ಟು ಬಂತು ಎಂದು ಅಳೆಯುತ್ತಾರೆ.

ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿದೆಯಲ್ಲ? ಮೂಲ ಅದೇ. ಸುಮಾರು 650ರಿಂದ 1000 ನ್ಯಾನೋಮೀಟರ್‌ವರೆಗಿನ ತರಂಗಾಂತರದ (ಅಲೆಯ ಉದ್ದದ) ಬೆಳಕು ಮಾಂಸದೊಳಗೆ ಕೆಲವು ಸೆಂಟಿಮೀಟರ್ ಇಳಿಯುತ್ತದೆ. ಆಕ್ಸಿಜನ್ ತುಂಬಿದ ರಕ್ತ ಅದನ್ನು ಒಂದು ಥರ ಹೀರುತ್ತದೆ, ಆಕ್ಸಿಜನ್ ಖಾಲಿಯಾದ ರಕ್ತ ಇನ್ನೊಂದು ಥರ. ಕೊಬ್ಬು 930ರ ಆಸುಪಾಸಿನಲ್ಲಿ ಜಾಸ್ತಿ ಹೀರಿದರೆ ನೀರು 970ರ ಹತ್ತಿರ. ಕ್ಯಾನ್ಸರ್ ಗಡ್ಡೆ ಬೆಳೆಯಲು ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ. ಅಲ್ಲಿ ರಕ್ತ ಜಾಸ್ತಿ, ನೀರು ಜಾಸ್ತಿ, ಕೊಬ್ಬು ಕಡಿಮೆ. ಎಷ್ಟೋ ಸಲ ಆಕ್ಸಿಜನ್ನೂ ಕಡಿಮೆ. ಪಕ್ಕದ ಆರೋಗ್ಯವಂತ ಭಾಗಕ್ಕೂ ಗಡ್ಡೆಗೂ ಇರುವ ಈ ವ್ಯತ್ಯಾಸವೇ ಬೆಳಕಿಗೆ ಸಿಗುವ ಸುಳಿವು. ಇದರಲ್ಲಿ ಬುರುಡೆ ಏನೂ ಇಲ್ಲ, ಗಟ್ಟಿ ವಿಜ್ಞಾನ.

ತೊಡಕು ಬೇರೆ ಕಡೆ ಇದೆ. ಆಗುಂಬೆಯ ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟ್ ಹೇಗೆ ಚೆದುರುತ್ತದೋ ಹಾಗೆ ಎದೆಯೊಳಗೂ ಬೆಳಕು ಚೆದುರಿಹೋಗುತ್ತದೆ. ಚಿತ್ರ ಮಸುಕಾಗುತ್ತದೆ. ಒಂದು ಸೆಂಟಿಮೀಟರ್‌ಗಿಂತ ಸಣ್ಣ ಗಂಟು ಸುಲಭವಾಗಿ ತಪ್ಪಿಹೋಗುತ್ತದೆ. ಮ್ಯಾಮೊಗ್ರಾಮ್‌ನಲ್ಲಿ ಉಪ್ಪಿನ ಹರಳಿನಂತೆ ಕಾಣುವ ಕ್ಯಾಲ್ಸಿಯಂ ಚುಕ್ಕೆಗಳಿವೆಯಲ್ಲ, ಎಷ್ಟೋ ಬಾರಿ ಕ್ಯಾನ್ಸರಿನ ಮೊದಲ ಗುರುತು ಅದೇ. ಅವು ಈ ಬೆಳಕಿಗೆ ಕಾಣುವುದಿಲ್ಲ. ಬಾವು ಬಂದರೂ ರಕ್ತ ಜಾಸ್ತಿಯಾಗುತ್ತದೆ. ಮುಟ್ಟಿನ ದಿನಗಳ ಲೆಕ್ಕದಲ್ಲಿ ಎದೆಯ ನೀರಿನಂಶವೂ ಏರುಪೇರಾಗುತ್ತದೆ; ಇವನ್ನೂ ಗಡ್ಡೆಯೆಂದು ತಪ್ಪು ತಿಳಿಯಬಹುದು. 1929ರಲ್ಲೇ ನ್ಯೂಯಾರ್ಕಿನಲ್ಲಿ ಮ್ಯಾಕ್ಸ್ ಕಟ್ಲರ್ ಎಂಬ ವೈದ್ಯರು ಎದೆಗೆ ದೀಪ ಹಿಡಿದು ನೋಡಿದ್ದರು. ಗಂಟು ಕ್ಯಾನ್ಸರೋ ಅಲ್ಲವೋ ಎಂದು ಖಚಿತವಾಗಿ ಹೇಳಲು ಅವರಿಗೂ ಆಗಲಿಲ್ಲ.

ನಮ್ಮ ಎಕ್ಸ್‌ರೇಗೂ ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಚಿಕ್ಕ ವಯಸ್ಸಿನವರ ಎದೆಯಲ್ಲಿ ಗ್ರಂಥಿಗಳು ಒತ್ತಾಗಿರುತ್ತವೆ. ಅವೂ ಬಿಳಿ, ಗಡ್ಡೆಯೂ ಬಿಳಿ. ಅಂಥ ಕಡೆ ಬೆಳಕಿನ ಮಾಹಿತಿ ಜೊತೆಗೆ ಸಿಕ್ಕರೆ ಅನುಕೂಲವೇ.

ಆದರೆ ಇದರ ನಿಜವಾದ ಉಪಯೋಗ ಕಿಮೋ ಸಮಯದಲ್ಲಿ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಎಷ್ಟೋ ಜನ ಗಡ್ಡೆ ದೊಡ್ಡದಾದ ಮೇಲೇ ಬರುತ್ತಾರೆ. ಅವರಿಗೆ ಮೊದಲು ಕಿಮೋ, ಆಮೇಲೆ ಆಪರೇಷನ್. ಹೆಚ್ಚಾಗಿ ಮೂರು ವಾರಕ್ಕೊಮ್ಮೆ ಔಷಧಿ. ಕೂದಲು ಹೋಗುತ್ತದೆ, ಊಟ ಸೇರುವುದಿಲ್ಲ, ಕೂಲಿಯೂ ಹೋಗುತ್ತದೆ. ಔಷಧಿ ನಾಟುತ್ತಿದೆಯೋ ಇಲ್ಲವೋ ತಿಳಿಯಲು ಗಡ್ಡೆ ಕರಗುವವರೆಗೂ ಕಾಯಬೇಕು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಬ್ರೂಸ್ ಟ್ರಾಂಬರ್ಗ್ ಅವರ ತಂಡ ಕೈಯಲ್ಲಿ ಹಿಡಿಯುವ ಒಂದು ಸಾಧನ ಮಾಡಿ, ಎದೆಯ ಮೇಲೆ ಸೆಂಟಿಮೀಟರ್ ಸೆಂಟಿಮೀಟರಾಗಿ ಇಟ್ಟು ಅಳೆಯಿತು. ಔಷಧಿ ನಾಟಿದವರಲ್ಲಿ ಮೊದಲ ಕಿಮೋದ ಮರುದಿನವೇ ಗಡ್ಡೆಯ ರಕ್ತದಲ್ಲಿ ಬದಲಾವಣೆ ಕಾಣುತ್ತದೆ ಎಂದು 2011ರಲ್ಲಿ ವರದಿ ಮಾಡಿದರು. ಮುಂದೆ ಅಮೆರಿಕದ ಹಲವು ಕೇಂದ್ರಗಳು ಸೇರಿ ಇಂಥ ಅಳತೆಯನ್ನು ಪರೀಕ್ಷಿಸಿದಾಗ ಎಲ್ಲರಲ್ಲೂ ಸ್ಪಷ್ಟ ಉತ್ತರ ಸಿಗಲಿಲ್ಲ, ಒಂದು ಗುಂಪಿನಲ್ಲಿ ಚೆನ್ನಾಗಿಯೇ ಸಿಕ್ಕಿತು. ಇನ್ನೂ ಕೆಲಸ ಬಾಕಿ ಇದೆ, ಆದರೆ ದಾರಿ ಸರಿಯಾಗಿದೆ. ನಾಟದ ಔಷಧಿಯನ್ನು ಬೇಗ ಬದಲಾಯಿಸಲು ಆದರೆ ಒಬ್ಬ ಬಡ ಹೆಂಗಸಿಗೆ ಎಷ್ಟು ಸಂಕಟ ತಪ್ಪುತ್ತದೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಬೆಳಕಿನ ಚಿತ್ರಣದ ಬಗ್ಗೆ ಸಂಶೋಧನೆ ನಡೆದಿದೆ. ಅದೇ ಊರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಇಬ್ಬರೂ ಸೇರಿ ಕಿಮೋ ತೆಗೆದುಕೊಳ್ಳುವವರಿಗಾಗಿ ಇದನ್ನು ಬೆಳೆಸಲು ಸರ್ಕಾರ ದುಡ್ಡು ಕೊಡಲಿ. ಹಾಗೆಯೇ ಮ್ಯಾಮೊಗ್ರಾಮ್ ಇಲ್ಲದೆ, ವೈದ್ಯರು ಕೈಯಿಂದ ಪರೀಕ್ಷಿಸದೆ ಶಿಬಿರಗಳಲ್ಲಿ "ನಾರ್ಮಲ್" ಚೀಟಿ ಕೊಡುವುದನ್ನು ಆರೋಗ್ಯ ಇಲಾಖೆ ನಿಲ್ಲಿಸಲಿ.

ಕೈಯಿಂದ ಮುಟ್ಟಿ ನೋಡುವುದನ್ನು ಯಾರೂ ಹಗುರವಾಗಿ ಕಾಣಬೇಡಿ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರಹತ್ತಿರ 30 ಶೇಕಡಾ ಕಡಿಮೆಯಾಗಿತ್ತು. 30 ದಾಟಿದ ಹೆಣ್ಣುಮಕ್ಕಳಿಗೆ ಈ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ದಿನ ಹೋಗಬೇಕೆಂದು ಹೇಳುತ್ತಾರೆ.

– ಒಬ್ಬ ರೇಡಿಯೋಗ್ರಾಫರ್, ಶಿವಮೊಗ್ಗ