ಪುಟ್ಟಿ, ಆವತ್ತು ನಿನ್ನ ಮುಖ ನೋಡಿದ್ದಕ್ಕೆ

ಪುಟ್ಟಿ,

ಎದುರು ಕೂತು ಹೇಳೋಕೆ ಬಾಯಿ ಬರುತ್ತಿಲ್ಲ. ಅದಕ್ಕೇ ಬರೆದು ನಿನ್ನ ಕ್ಯಾಪ್ಸೂಲ್ ಡಬ್ಬಿಯ ಕೆಳಗೆ ಇಡುತ್ತಿದ್ದೇನೆ.

ಆವತ್ತು ಡಾಕ್ಟರು ಸ್ಕ್ಯಾನ್ ನೋಡಿ, ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ, ಪ್ಯಾಂಕ್ರಿಯಾಟೈಟಿಸ್ ಅಂತ ಹೇಳಿ, ‘ಕುಡಿಯೋ ಅಭ್ಯಾಸ ಇದೆಯಾಮ್ಮಾ?’ ಅಂದರು. ನೀನು ಇಲ್ಲ ಅಂದೆ. ನಾನು ತಿರುಗಿ ನಿನ್ನ ಮುಖ ನೋಡಿದೆ. ಒಂದೇ ಕ್ಷಣ. 19 ವರ್ಷದ ಹುಡುಗಿ, ಕಾಲೇಜು, ಗೆಳತಿಯರು, ಬೆಂಗಳೂರು ಬೇರೆ. ಏನೇನೋ ತಲೆಗೆ ಬಂತು. ಅದು ನಿನಗೆ ಗೊತ್ತಾಯಿತು. ಕೇಳೋದು ಅವರ ಕೆಲಸ. ನಾನು ಹಾಗೆ ನೋಡಬಾರದಿತ್ತು.

ಎಷ್ಟು ರಾತ್ರಿ ನೋಡಿದ್ದೇನೆ ನಿನ್ನನ್ನ. ಮಂಚದ ಮೇಲೆ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ಕೂತಿರುತ್ತಿದ್ದೆ. ನೋವು ಬೆನ್ನಿಗೆ ಹೋಗುತ್ತೆ ಅಂತಿದ್ದೆ. ನಾವು ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ನೀರು ಕೊಟ್ಟೆವು!

ಕಾರಣ ಹುಡುಕೋಕೆ ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್, ಕ್ಯಾಲ್ಸಿಯಂ, ಪಿತ್ತಕೋಶದ ಕಲ್ಲು, ಎಲ್ಲಾ ನೋಡಿದರು. ಏನೂ ಇಲ್ಲ. ಕಾರಣ ಸಿಗದಿದ್ದರೆ ‘ಇಡಿಯೋಪಥಿಕ್’ ಅಂತಾರಂತೆ. ನಮ್ಮ ದಕ್ಷಿಣ ಭಾರತದಲ್ಲಿ ಕುಡಿಯದ ಎಳೆಯರಿಗೂ ಇದು ಬರುತ್ತೆ, ಮೇದೋಜೀರಕದ ನಾಳದಲ್ಲಿ ಕಲ್ಲು ಕಟ್ಟುತ್ತೆ. ಹಿಂದೆ ಕೇರಳದ ಮರಗೆಣಸಿನ ಮೇಲೆ ತಪ್ಪು ಹೊರಿಸಿದ್ದರು, ಸಾಬೀತಾಗಲಿಲ್ಲ. 2000ದಲ್ಲಿ ಸ್ಪಿಂಕ್-1 ಅನ್ನೋ ಜೀನಿಗೂ ಇದಕ್ಕೂ ನಂಟಿದೆ ಅಂತ ಗೊತ್ತಾಯಿತು. ಜೀರ್ಣರಸ ಗ್ರಂಥಿಯ ಒಳಗೇ ಕೆಲಸ ಶುರು ಮಾಡದ ಹಾಗೆ ತಡೆಯೋದು ಅದರ ಕೆಲಸ. ನಿನ್ನ ರಿಪೋರ್ಟಿನಲ್ಲಿ ಆ ಜೀನಿನಲ್ಲೇ ವ್ಯತ್ಯಾಸ ಇದೆ. ಇದ್ದವರಿಗೆಲ್ಲ ಕಾಯಿಲೆ ಬರೋದಿಲ್ಲ, ಹಾಗಾಗಿ ಪೂರ್ತಿ ಉತ್ತರ ಅದೂ ಅಲ್ಲ. ಆದರೆ ಬಂದಿದ್ದು ನನ್ನಿಂದಲೋ ನಿಮ್ಮಮ್ಮನಿಂದಲೋ ಇರಬೇಕು, ಅಲ್ವಾ? ಆವತ್ತು ಯಾರ ಮುಖ ನೋಡಬೇಕಿತ್ತು ಹೇಳು.

ಊಟ ಜೀರ್ಣ ಆಗೋಕೆ ಕೊಟ್ಟಿರೋ ಕ್ಯಾಪ್ಸೂಲು ಮೊದಲ ತುತ್ತಿನ ಜೊತೆಗೇ ನುಂಗು. ಊಟ ಆದಮೇಲೆ ನೆನಪಾಗಿ ನುಂಗಿದರೆ ಅಷ್ಟು ಕೆಲಸ ಮಾಡಲ್ಲ. ಕ್ಯಾಂಟೀನಿನಲ್ಲಿ ಯಾರೋ ನೋಡ್ತಾರೆ ಅಂತ ಮುಚ್ಚಿಡಬೇಡ. ಸಕ್ಕರೆ ಟೆಸ್ಟು ವರ್ಷಕ್ಕೊಮ್ಮೆ ತಪ್ಪಿಸೋಹಾಗಿಲ್ಲ, ಮುಂದೆ ಶುಗರ್ ಬರಬಹುದು ಅಂದಿದ್ದಾರೆ. ನಾನೂ ಜೊತೆಗೆ ಬರುತ್ತೇನೆ.

ನಿನ್ನೆ ಜಯನಗರದ ಅತ್ತೆ ಫೋನ್ ಮಾಡಿದ್ದಳು. ‘ಏನೋ, ಹುಡುಗಿ ಕದ್ದು ಕುಡೀತಿದ್ಲಾ?’ ಅಂದಳು. ‘ಇದು ನಮ್ಮ ಮನೆ ರಕ್ತದ್ದೇ ಇರಬಹುದು ಅಕ್ಕಾ, ನಿನ್ನಲ್ಲೂ ಇರಬಹುದು’ ಅಂದೆ. ಕುಕ್ಕರ್ ಕೂಗ್ತಿದೆ ಅಂತ ಫೋನ್ ಇಟ್ಟಳು.

ನಿನ್ನ,
ಅಪ್ಪ