ತಿದ್ದಿದಲ್ಲೊಂದು ಸಹಿ: ಮಗಳಿಗೊಂದು ಪತ್ರ

ಕಲಬುರಗಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ತೊಗರಿ ಲೇಖನದ ಮೂರೂ ಕರಡುಗಳನ್ನು ಓದಿದೆ. ಜೊತೆಗಿದ್ದ ಆ ಒಂದು ಪುಟವನ್ನೂ ಓದಿದೆ. ‘ಈ ಸೆಮಿಸ್ಟರಿನಲ್ಲಿ ನನ್ನ ಬರವಣಿಗೆ ಹೇಗೆ ಸುಧಾರಿಸಿತು’ ಎಂದು ನಿಮ್ಮ ಮೇಡಂ ಎಲ್ಲರಿಂದಲೂ ಬರೆಸಿದ ಪುಟ. ಕರಡುಗಳು ನನಗೆ ಬಹಳ ಹಿಡಿಸಿದವು, ಆ ಪುಟ ಹಿಡಿಸಲಿಲ್ಲ. ಇಂಥ ಮಾತು ಕಾಗದದ ಮೇಲಿದ್ದರೆ ನೀನು ಎರಡು ಸಲ ಓದಬಹುದು, ಒಪ್ಪದ ಕಡೆ ಗೆರೆ ಎಳೆಯಬಹುದು ಎಂದು ಫೋನಿನಲ್ಲಿ ಹೇಳದೆ ಬರೆಯುತ್ತಿದ್ದೇನೆ. ಪುಟವನ್ನು ಒಪ್ಪಿಸಲು ಮುಂದಿನ ವಾರದವರೆಗೆ ಸಮಯವಿದೆ ಎಂದಿದ್ದೀಯಲ್ಲ, ಅಷ್ಟು ಸಾಕು.

ಆ ಪುಟದಲ್ಲಿ ಇರುವುದು ಇಷ್ಟು: ಮೊದಲು ಬರೆಯಲು ಹೆದರಿಕೆಯಿತ್ತು, ಈಗ ಆತ್ಮವಿಶ್ವಾಸ ಬಂದಿದೆ. ಭಾಷೆ ಉತ್ತಮಗೊಂಡಿದೆ. ವಿಚಾರಗಳನ್ನು ಸ್ಪಷ್ಟವಾಗಿ ಹೇಳಲು ಕಲಿತಿದ್ದೇನೆ. ಕಾರಣರಾದ ಗುರುಗಳಿಗೆ ವಂದನೆಗಳು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿನ್ನ ತರಗತಿಯ ಯಾವ ಹುಡುಗಿಯ ಹೆಸರನ್ನು ಇದರ ಕೆಳಗೆ ಬರೆದರೂ ನಡೆಯುತ್ತದೆ. ‘ಕಲಬುರಗಿ ತಾಲ್ಲೂಕಿನ ಒಳ್ಳೆಯ ಕರಿಮಣ್ಣಿನ ಹೊಲ’ ಎಂದಷ್ಟೇ ಬರೆದು ಸರ್ವೆ ನಂಬರನ್ನೂ ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿಯನ್ನೂ ಬಿಟ್ಟ ಕ್ರಯಪತ್ರದ ಹಾಗಿದೆ ಅದು. ಹೊಲ ಒಳ್ಳೆಯದೇ ಇರಬಹುದು, ಎಲ್ಲಿದೆ ಎಂದು ಹುಡುಕಿಕೊಂಡು ಹೋಗಲು ಆಗುವುದಿಲ್ಲ.

ನಾನು ಕಾಲೇಜಿನಲ್ಲಿ ಪ್ರಬಂಧ ರಚನೆ ಕಲಿತವನಲ್ಲ. ಆದರೆ ದಸ್ತಾವೇಜು ಬರೆಯುತ್ತಲೇ ಬದುಕಿದವನು. ಬರೆದದ್ದನ್ನು ತಿದ್ದುವುದು ಎಂದರೇನು ಎನ್ನುವುದನ್ನು ಈ ಮೇಜು ನನಗೆ ಕಲಿಸಿದೆ. ನಮ್ಮ ಕೆಲಸಕ್ಕೆ ಆಧಾರವಾದ 1908ರ ನೋಂದಣಿ ಕಾಯ್ದೆಯಲ್ಲಿ 20ನೆಯ ಕಲಮು ಎಂಬುದೊಂದಿದೆ. ಪತ್ರದಲ್ಲಿ ಸಾಲುಗಳ ನಡುವೆ ಸೇರಿಸಿದ್ದು, ಅಳಿಸಿದ್ದು, ಬದಲಿಸಿದ್ದು, ಖಾಲಿ ಬಿಟ್ಟದ್ದು ಇದ್ದರೆ, ಬರೆದುಕೊಟ್ಟವರು ಆಯಾ ಜಾಗದಲ್ಲಿ ಸಹಿಯನ್ನೋ ಕಿರುಸಹಿಯನ್ನೋ ಹಾಕಿ ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಅಧಿಕಾರಿ ಆ ಪತ್ರವನ್ನು ನೋಂದಾಯಿಸಲು ನಿರಾಕರಿಸಬಹುದು. ಕಾಯ್ದೆ ತಿದ್ದಬೇಡ ಎನ್ನುವುದಿಲ್ಲ. ಎಲ್ಲಿ ತಿದ್ದಿದೆಯೋ ಅಲ್ಲಿ ‘ಇದನ್ನು ಮಾಡಿದವನು ನಾನೇ’ ಎಂದು ಗುರುತು ಹಾಕು ಎನ್ನುತ್ತದೆ. ನಿಮ್ಮ ಮೇಡಂ ಮೂರು ಕರಡುಗಳ ಜೊತೆಗೆ ಇನ್ನೊಂದು ಪುಟ ಕೇಳಿದ್ದು ಇದಕ್ಕೇ ಎಂದು ನನಗೆ ಅನಿಸುತ್ತದೆ. ಸುಧಾರಿಸಿದ್ದೇನೆ ಎಂಬ ಘೋಷಣೆ ಅವರಿಗೆ ಬೇಕಿಲ್ಲ. ಎಲ್ಲಿ ತಿದ್ದಿದೆ, ಏಕೆ ತಿದ್ದಿದೆ ಎಂದು ಆ ಜಾಗದಲ್ಲೇ ನಿಂತು ಹೇಳುವುದು ಬೇಕು.

ಹಾಗೆ ತೋರಿಸಲು ನಿನ್ನ ಬಳಿ ಎಷ್ಟೊಂದು ಇದೆ! ಮೊದಲ ಕರಡು ಹೀಗೆ ಆರಂಭವಾಗುತ್ತದೆ: ‘ಭಾರತವು ಕೃಷಿ ಪ್ರಧಾನ ದೇಶವಾಗಿದ್ದು, ರೈತನು ದೇಶದ ಬೆನ್ನೆಲುಬಾಗಿದ್ದಾನೆ. ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದು ಪ್ರಸಿದ್ಧವಾಗಿದೆ. ಸದರಿ ಬೆಳೆಯು...’ (ಆ ‘ಸದರಿ’ ನನ್ನ ಮೇಜಿನಿಂದ ನಿನಗೆ ಅಂಟಿದ್ದು. ಮೂರನೆಯ ಕರಡಿನಲ್ಲಿ ಇಲ್ಲದ್ದನ್ನು ನೋಡಿ ಸಂತೋಷವಾಯಿತು.) ಎರಡನೆಯದರಲ್ಲಿ ಆ ಬೆನ್ನೆಲುಬನ್ನು ತೆಗೆದು, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಸುದ್ದಿಯಿಂದ ಆರಂಭಿಸಿದೆ. ಒಂದು ಹೆಜ್ಜೆ ಮುಂದೆ ಬಂದದ್ದು ನಿಜ, ಆದರೆ ಅದು ಪತ್ರಿಕೆಯಲ್ಲಿ ಯಾರಾದರೂ ಓದಬಹುದಾದ ಸುದ್ದಿ. ಮೂರನೆಯ ಕರಡಿನಲ್ಲಿ ಬರೆದೆ: ‘ಮುಂಗಾರಿಗೆ ಬಿತ್ತಿದ ತೊಗರಿ ಮನೆಗೆ ಬರುವುದು ಡಿಸೆಂಬರಿನಲ್ಲೋ ಜನವರಿಯಲ್ಲೋ. ಪಕ್ಕದ ಹೊಲದಲ್ಲಿ ಹೆಸರು ಬಿತ್ತಿದವರು ಅಷ್ಟರಲ್ಲಿ ಒಂದು ಬೆಳೆ ತೆಗೆದು, ಅದೇ ನೆಲದಲ್ಲಿ ಜೋಳವನ್ನೋ ಕಡಲೆಯನ್ನೋ ಬಿತ್ತಿರುತ್ತಾರೆ. ತೊಗರಿ ಹಾಕಿದವರು ಇನ್ನೂ ಕಾಯುತ್ತಿರುತ್ತಾರೆ.’ ಈ ಮೂರು ವಾಕ್ಯಗಳನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದಿರಿ ಎಂದಳು.

ಮೊದಲ ಕರಡಿನಿಂದ ಮೂರನೆಯದಕ್ಕೆ ಬರುವಾಗ ನಿನ್ನೊಳಗೆ ಏನು ನಡೆಯಿತು? ‘ಕಣಜ’ ಎಂಬ ಹೊಗಳಿಕೆ ಸಾಲದು, ಏಳು ತಿಂಗಳ ಕಾಯುವಿಕೆಯನ್ನು ಹೇಳಬೇಕು ಎಂದು ಯಾವಾಗ ಹೊಳೆಯಿತು? ಬಸ್ಸಿನಲ್ಲಿ ಹೊಲಗಳನ್ನು ನೋಡುತ್ತಾ ಹೋಗುವಾಗಲೋ, ಗೆಳತಿಯೊಡನೆ ಮಾತನಾಡುವಾಗಲೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದೆ. ಮೂರು ಆರಂಭಗಳನ್ನೂ ಒಂದರ ಕೆಳಗೊಂದು ಇಟ್ಟು, ಅವುಗಳ ನಡುವೆ ನಡೆದದ್ದನ್ನು ಬರೆ. ಆತ್ಮವಿಶ್ವಾಸ ಬಂದಿದೆ ಎಂಬ ಮಾತನ್ನು ಆಮೇಲೆ ಹೇಳಲೇಬೇಕಾಗಿಲ್ಲ, ಓದುವವರಿಗೆ ತಾನಾಗಿ ಕಾಣುತ್ತದೆ.

ಈಗ ನಿನ್ನ ಬೆಂಗಳೂರಿನ ಗೆಳತಿಯ ಟಿಪ್ಪಣಿಯ ವಿಷಯ. ನಿಮ್ಮ ತರಗತಿಯಲ್ಲಿ ಒಬ್ಬರ ಕರಡನ್ನು ಇನ್ನೊಬ್ಬರು ಓದಿ ಅಂಚಿನಲ್ಲಿ ಪ್ರಶ್ನೆ ಬರೆಯಬೇಕು ಎಂಬ ಪದ್ಧತಿ ಮಾಡಿದ್ದಾರಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಆ ಹುಡುಗಿ ಎರಡನೆಯ ಕರಡಿನ ಅಂಚಿನಲ್ಲಿ ‘ನೆಟೆ ರೋಗ ಎಂದರೇನು? ಗಿಡ ಒಣಗಿದರೆ ನೀರು ಹಾಕಬಹುದಲ್ಲ?’ ಎಂದು ಬರೆದಾಗ ನಿನಗೆ ಬೇಸರವಾಗಿತ್ತು. ನಮ್ಮ ಕಡೆಯ ಕಷ್ಟ ಇವರಿಗೆ ಎಲ್ಲಿ ತಿಳಿಯಬೇಕು ಎಂದು ನೀನು ಹೇಳಿದೆ. ತಿಳಿಯದು, ಅದಕ್ಕೇ ಅವಳು ಕೇಳಿದಳು. ಕೇಳದೆ ‘ಚೆನ್ನಾಗಿದೆ’ ಎಂದು ಬರೆದು ಮುಗಿಸಿದ್ದರೆ ನಿನ್ನ ಲೇಖನದ ಅತ್ಯುತ್ತಮ ಭಾಗ ಹುಟ್ಟುತ್ತಲೇ ಇರಲಿಲ್ಲ. ಮೂರನೆಯ ಕರಡಿನಲ್ಲಿ ನೀನು ಬರೆದದ್ದನ್ನು ನೋಡು: ‘ನೆಟೆ ರೋಗ ನೀರಿಲ್ಲದೆ ಬರುವುದಲ್ಲ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ಗಿಡದೊಳಗೆ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟೆ ಕಾಣಿಸಿಕೊಳ್ಳುತ್ತದೆ. ನೆಲದಲ್ಲಿ ತೇವವಿದ್ದರೂ ಹೂ ಬಿಟ್ಟು ನಿಂತ ಗಿಡ ಒಣಗುತ್ತದೆ. ಅದೇ ಹೊಲಕ್ಕೆ ಮರುವರ್ಷವೂ ತೊಗರಿ ಹಾಕಿದರೆ ಶಿಲೀಂಧ್ರ ಅಲ್ಲೇ ಕಾದಿರುತ್ತದೆ.’ ಬೆಳೆ ಬದಲಿಸಬೇಕು, ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ಬಿತ್ತಬೇಕು ಎಂಬ ಮುಂದಿನ ಮಾತಿಗೆ ಈ ವಿವರದಿಂದಲೇ ಬಲ ಬಂತು. ಎರಡನೆಯ ಕರಡಿನಲ್ಲಿ ಅದೇ ಮಾತು ಕೃಷಿ ಇಲಾಖೆಯ ಕರಪತ್ರದ ಸಾಲಿನಂತೆ ಒಂಟಿಯಾಗಿ ನಿಂತಿತ್ತು.

ಆದ್ದರಿಂದ ಆ ಪುಟದಲ್ಲಿ ಮೊದಲು ಬರಬೇಕಾದ ವಂದನೆ ಆ ಹುಡುಗಿಗೆ. ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆ, ಅದನ್ನು ಓದಿ ಬೇಸರವಾದದ್ದನ್ನೂ ಬರೆ, ಮರುದಿನ ಏನು ಮಾಡಿದೆ ಎಂದೂ ಬರೆ.

ನನ್ನ ಬಳಿ ಇಂಥ ಓದುಗರು ದಿನವೂ ಬರುತ್ತಾರೆ. ಓದಲು ಬಾರದವರು ಬರೆದುಕೊಡುವ ಪತ್ರವನ್ನು ಅವರಿಗೆ ಓದಿ ಹೇಳಿ, ತಿಳಿಯಿತೆಂದು ಅವರು ಒಪ್ಪಿದ ಮೇಲೆಯೇ ಹೆಬ್ಬೆರಳಿನ ಗುರುತು ಹಾಕಿಸುವುದು ಸರಿಯಾದ ಕ್ರಮ. ಹಾಗೆ ಕೇಳಿಸಿಕೊಳ್ಳುವ ಮುದುಕಿಯರಷ್ಟು ಚುರುಕಾದ ಓದುಗರನ್ನು ನಾನು ಕಂಡಿಲ್ಲ. ಕಣ್ಣಿಗೆ ಅಕ್ಷರವಿಲ್ಲದ್ದರಿಂದ ಅವರ ಲಕ್ಷ್ಯವೆಲ್ಲ ಕಿವಿಯಲ್ಲೇ ಇರುತ್ತದೆ. ವಾಕ್ಯ ಉದ್ದವಾಗಿ ಹೋಗಿ ಯಾರು ಯಾರಿಗೆ ಕೊಟ್ಟರು ಎಂಬುದು ಕಲಸಿಹೋದ ಕೂಡಲೇ ಅವರ ಮುಖ ಬದಲಾಗುತ್ತದೆ. ಆ ಜಾಗವನ್ನು ಒಡೆದು ಎರಡು ವಾಕ್ಯ ಮಾಡಿ ಓದಿದರೆ ತಲೆಯಾಡಿಸುತ್ತಾರೆ. ನೀನೂ ಕರಡನ್ನು ಗಟ್ಟಿಯಾಗಿ ಓದು, ಹಾಸ್ಟೆಲಿನಲ್ಲಿ ನಾಚಿಕೆಯಾದರೆ ತಾರಸಿಗೆ ಹೋಗಿ ಓದು. ನಿನಗೆ ಉಸಿರು ಸಿಕ್ಕಿಕೊಳ್ಳುವ ಕಡೆ ಕೇಳುವವರ ಬುದ್ಧಿಯೂ ಸಿಕ್ಕಿಕೊಳ್ಳುತ್ತದೆ.

ಒಂದು ಹಳೆಯ ವಿಭಾಗ ಪತ್ರ ನನ್ನ ಮುಂದೆ ಬಂದಿತ್ತು, ಬೇರೆ ಯಾರೋ ಬರೆದದ್ದು. ‘ಅಣ್ಣನು ತಮ್ಮನಿಗೆ ಅವನ ಹೊಲಕ್ಕೆ ಹೋಗಲು ಬದುವಿನ ಮೇಲೆ ದಾರಿ ಬಿಡತಕ್ಕದ್ದು’ ಎಂದು ಅದರಲ್ಲಿತ್ತು. ಬರೆದ ದಿನ ಎಲ್ಲರಿಗೂ ಅರ್ಥವಾಗಿತ್ತು, ಅಣ್ಣ ತಮ್ಮ ಇಬ್ಬರೂ ಅಲ್ಲೇ ಕುಳಿತಿದ್ದರಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಜಗಳಕ್ಕೆ ನಿಂತರು. ಯಾವ ಬದು? ಕಾಲುದಾರಿಯೋ, ಎತ್ತಿನ ಬಂಡಿ ಹೋಗುವಷ್ಟೋ? ಬೆಳೆ ನಿಂತಾಗಲೂ ಹಾಯಬಹುದೋ, ರಾಶಿ ಮುಗಿದ ಮೇಲೆ ಮಾತ್ರವೋ? ಬರೆದವರ ಮನಸ್ಸಿನಲ್ಲಿದ್ದ ಉತ್ತರ ಕಾಗದಕ್ಕೆ ಇಳಿದಿರಲಿಲ್ಲ. ನಿನ್ನ ಲೇಖನದಿಂದ ಯಾರೂ ಕೋರ್ಟಿಗೆ ಹೋಗುವುದಿಲ್ಲ, ನಿಜ. ಆದರೂ ನೀನು ಪಕ್ಕದಲ್ಲಿ ಇಲ್ಲದಾಗ ಓದುವವರು ಏನೆಂದು ತಿಳಿಯುತ್ತಾರೆ ಎಂಬ ಪ್ರಶ್ನೆ ನಮ್ಮಿಬ್ಬರಿಗೂ ಒಂದೇ.

ತಪ್ಪು ಹುಡುಕುವುದೆಂದರೆ ತನ್ನನ್ನು ತಾನು ಹಳಿದುಕೊಳ್ಳುವುದು ಎಂದು ನೀನು ತಿಳಿದಿರುವಂತಿದೆ. ಹಾಗಲ್ಲ. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಶಾಲೆಯಿಂದ ನಿನ್ನನ್ನು ಕೋಟೆ ನೋಡಲು ಕರೆದೊಯ್ದಿದ್ದರು. ಅದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಕೃತಿಯಾದ ಕವಿರಾಜಮಾರ್ಗ ಸುಮಾರು ಕ್ರಿ.ಶ. 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದು ಕಥೆಯಲ್ಲ, ಯುದ್ಧದ ವರ್ಣನೆಯಲ್ಲ, ಬರೆಯುವವರಿಗೆ ದಾರಿ ತೋರಿಸುವ ಗ್ರಂಥ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷ ಯಾವುದು, ಅದೋಷ ಯಾವುದು ಎಂಬ ವಿಚಾರಕ್ಕೇ ಮೀಸಲು. ಅಲಂಕಾರಗಳು ಆಮೇಲಿನ ಎರಡರಲ್ಲಿ ಬರುತ್ತವೆ. ಒಂದು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಕುಳಿತು ಹಿರಿಯರು ಮಾಡಿದ ಕೆಲಸವನ್ನೇ ನೀನು ಈಗ ನಿನ್ನ ಕರಡಿನ ಮೇಲೆ ಮಾಡುತ್ತಿದ್ದೀಯ. ಅದರಲ್ಲಿ ಅವಮಾನವೇನಿದೆ? ನನಗಂತೂ ಹೆಮ್ಮೆ.

ಇನ್ನೂ ಸರಿಯಾಗದ್ದನ್ನೂ ಆ ಪುಟದಲ್ಲಿ ಬರೆ. ಕಾಗುಣಿತದ ತಪ್ಪುಗಳು ಕಡಿಮೆಯಾಗಿವೆ, ಅವುಗಳಿಗೆ ಒಂದು ಸಾಲು ಸಾಕು. ದೊಡ್ಡ ಊನ ಬೇರೆ ಇದೆ. ಮೂರನೆಯ ಕರಡೂ ‘ಸರ್ಕಾರವು ಇತ್ತ ಗಮನ ಹರಿಸಬೇಕು’ ಎಂದೇ ಮುಗಿಯುತ್ತದೆ. ಯಾವ ಸರ್ಕಾರ, ಮಗಳೇ? ಬೆಂಬಲ ಬೆಲೆ ಘೋಷಿಸುವುದು ಕೇಂದ್ರ ಸರ್ಕಾರ. ಖರೀದಿ ಕೇಂದ್ರ ತಡವಾಗಿ ತೆರೆಯಿತು ಎಂಬ ದೂರನ್ನು ಬೇರೆ ಬಾಗಿಲಿಗೆ ಒಯ್ಯಬೇಕು. ರೋಗ ತಡೆಯುವ ಬೀಜ ಬಿತ್ತನೆಗೆ ಮೊದಲೇ ಕೈಗೆ ಸಿಗಬೇಕು ಎಂಬುದು ಮೂರನೆಯ ಮಾತು. ಇಡೀ ಲೇಖನದಲ್ಲಿ ಅಷ್ಟು ನಿಖರವಾಗಿದ್ದವಳು ಕೊನೆಗೆ ಬಂದು ಎಲ್ಲರೂ ಬರೆಯುವ ವಾಕ್ಯಕ್ಕೆ ಕೈ ಚಾಚಿದ್ದೀಯ. ಈಗಲೇ ತಿದ್ದಲು ಆಗದಿದ್ದರೆ ‘ಈ ವಾಕ್ಯ ನನ್ನದಾಗಿಲ್ಲ, ಯಾರನ್ನು ಕೇಳಬೇಕೆಂದು ನಾನು ಇನ್ನೂ ತಿಳಿದುಕೊಳ್ಳಬೇಕು’ ಎಂದೇ ಬರೆ. ಇದರಿಂದ ಅಂಕ ಹೋಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಹೋದರೂ ಹೋಗಲಿ.

ಇಂಥ ಪುಟವನ್ನು ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಡುತ್ತದೆ ಎಂದು ನಿಮ್ಮ ಹಾಸ್ಟೆಲಿನಲ್ಲಿ ಕೆಲವರು ಬರೆಸಿಕೊಂಡಿದ್ದಾರೆ ಎಂದು ನೀನು ಹೇಳಿದೆ. ಬರೆದುಕೊಟ್ಟೀತು. ಆದರೆ ಅಂಚಿನಲ್ಲಿದ್ದ ಆ ಪ್ರಶ್ನೆಯನ್ನು ಓದಿ ರಾತ್ರಿ ನನಗೆ ಫೋನು ಮಾಡಿದವಳು ನೀನು.

ಕೊನೆಯದಾಗಿ ಒಂದು ತಕರಾರು. ಎರಡನೆಯ ಕರಡಿನಲ್ಲಿದ್ದ ಒಂದು ಭಾಗವನ್ನು ಮೂರನೆಯದರಲ್ಲಿ ತೆಗೆದಿದ್ದೀಯ: ‘ಗಂಜ್ ಮಾರುಕಟ್ಟೆಯಲ್ಲಿ ಅಂದಿನ ದರ ಕೇಳಿದ ಅತ್ತೆ ಚೀಲಗಳನ್ನು ಇಳಿಸಲೇ ಇಲ್ಲ, ಅದೇ ಟಂಟಂ ಆಟೋದಲ್ಲಿ ಊರಿಗೆ ವಾಪಸು ತಂದರು. ಸಾಲದ ಕಂತು ಬಂದಾಗ ಮತ್ತೆ ಒಯ್ದು ಅದಕ್ಕಿಂತ ಕಡಿಮೆಗೆ ಕೊಟ್ಟು ಬಂದರು.’ ಮನೆಯ ವಿಷಯ ಲೇಖನದಲ್ಲಿ ಬೇಡವೆಂದು ತೆಗೆದಿರಬೇಕು. ಅದನ್ನು ಮತ್ತೆ ಸೇರಿಸು. ಬೆಲೆ ಏರಿಳಿಯುತ್ತದೆ ಎಂದು ನೀನು ಒಂದು ಪ್ಯಾರಾ ತುಂಬ ಹೇಳಿದ್ದು ಈ ಎರಡು ವಾಕ್ಯಗಳಲ್ಲಿ ಕಣ್ಣಿಗೆ ಕಾಣುತ್ತದೆ. ಅತ್ತೆ ಏನೆನ್ನುತ್ತಾಳೋ ಎಂಬ ಸಂಕೋಚ ನಿನಗಿರಬಹುದೆಂದು ನಿನ್ನೆ ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಬರೆಯಲಿ, ನಡೆದದ್ದೇ ಅಲ್ಲವೇ ಎಂದಳು. ಒಂದೇ ಒಂದು ತಿದ್ದುಪಡಿ ಹೇಳಿದ್ದಾಳೆ: ಮೊದಲ ಸಲ ಒಯ್ದದ್ದು ಟಂಟಂನಲ್ಲಿ ಅಲ್ಲ, ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ. ತಿದ್ದಿಕೋ.

ಇಂತಿ,
ನಿನ್ನ ಅಪ್ಪ