ಗಾಳಿಗೆ ನೀರು ಕುಡಿಸು

ದಾವಣಗೆರೆ
ಮಾರ್ಚ್ ತಿಂಗಳು

ಚಿ. ಸೌ. ಗಿರಿಜಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಆರ್ಕಿಡ್ ಗಿಡದ ಮೊಗ್ಗುಗಳು ಹಳದಿಯಾಗಿ ಉದುರುತ್ತಿವೆ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರೂ ನಿಲ್ಲುತ್ತಿಲ್ಲ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಬ್ಯಾಂಕಿನ ಗಡಿಬಿಡಿಯಲ್ಲಿ ಅರ್ಧ ಕೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಆ ಸ್ಪ್ರೇ ಬಾಟಲಿ ಪಕ್ಕಕ್ಕಿಡು. ಚಿಮುಕಿಸಿದ ನೀರು ಚಿತ್ರದುರ್ಗದ ಬಿಸಿಲಿಗೆ ಕೆಲವೇ ನಿಮಿಷದಲ್ಲಿ ಹಾರಿಹೋಗುತ್ತೆ. ಹಾರದೆ ಉಳಿಯುವುದು ಎಲೆಗಳ ಮಧ್ಯೆ, ಸುಳಿಯಲ್ಲಿ. ರಾತ್ರಿಯಿಡೀ ಅಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತೆ. ಈ ಜಾತಿಗೆ ಇರುವುದು ಒಂದೇ ಸುಳಿ. ಅದು ಹೋದರೆ ಗಿಡವೇ ಹೋದಂತೆ. ಈಗಲೇ ಅಲ್ಲಿ ನೀರಿದ್ದರೆ ಟಿಶ್ಯೂ ಕಾಗದದ ತುದಿ ಇಳಿಬಿಟ್ಟು ಹೀರಿ ತೆಗೆ.

ನಾನು ಕಾಟನ್ ಮಿಲ್ಲಿನಲ್ಲಿ ಗಾಳಿಯ ತೇವ ನೋಡಿಕೊಳ್ಳುವ ಕೆಲಸದಲ್ಲಿದ್ದೆ ಅಂತ ನಿನಗೆ ಗೊತ್ತಲ್ಲ. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಗಾಳಿ ಒಣಗಿದರೆ ನೂಲು ಪಟಪಟ ಹರಿಯುತ್ತೆ, ಹತ್ತಿಯ ಎಳೆ ಹಾರಾಡುತ್ತೆ, ಮಗ್ಗ ನಿಲ್ಲುತ್ತೆ. ಹಾಗಂತ ನೂಲಿನ ಮೇಲೆ ಯಾರೂ ನೀರು ಹೊಡೆಯುತ್ತಿರಲಿಲ್ಲ. ದೊಡ್ಡ ಫ್ಯಾನುಗಳು ಹೊರಗಿನ ಗಾಳಿಯನ್ನು ನೀರಿನ ತುಂತುರಿನ ಮೂಲಕ ಎಳೆದು ಶೆಡ್ಡಿಗೆ ಬಿಡುತ್ತಿದ್ದವು. ನೂಲುವ ಕಡೆ ತೇವಾಂಶ, ಅಂದರೆ ಗಾಳಿಗೆ ಹಿಡಿಸುವಷ್ಟು ನೀರಿನಲ್ಲಿ ನಿಜಕ್ಕೂ ಇರುವ ಪಾಲು, ಸುಮಾರು ಶೇಕಡಾ 55ರಿಂದ 60, ನೇಯುವ ಕಡೆ ಅದಕ್ಕಿಂತ ಬಹಳ ಜಾಸ್ತಿ. ನಿನ್ನ ಗಿಡಕ್ಕೂ ಅದೇ ಲೆಕ್ಕ. ಗಿಡವನ್ನು ನೆನೆಸಬೇಡ, ಅದರ ಸುತ್ತಲಿನ ಗಾಳಿಗೆ ನೀರು ಕುಡಿಸು.

ನಿನ್ನದು ಫಲೆನಾಪ್ಸಿಸ್ ಜಾತಿ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಕಾಡುಗಳಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುವಂಥದ್ದು. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಹಾಗೆಯೇ ಅಲ್ವಾ? ಇಂಥ ಗಿಡಕ್ಕೆ 50ರಿಂದ 70ರಷ್ಟು ತೇವಾಂಶ ಹಿತ. ಮಾರ್ಚ್ ಮಧ್ಯಾಹ್ನ ನಿಮ್ಮ ಕೋಟೆನಾಡಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ಬೆಳಗ್ಗೆ 25 ಡಿಗ್ರಿ ಇದ್ದಾಗ ತೇವಾಂಶ 60 ಇತ್ತು ಅಂತಿಟ್ಟುಕೋ. ಮಧ್ಯಾಹ್ನ ಅದೇ ಗಾಳಿ 36 ಡಿಗ್ರಿಗೆ ಕಾದರೆ 32ಕ್ಕೆ ಇಳಿದಿರುತ್ತೆ. ಗಾಳಿಯಲ್ಲಿನ ನೀರು ಎಲ್ಲೂ ಹೋಗಿಲ್ಲ. ಕಾದ ಗಾಳಿಗೆ ಹಿಡಿಸುವ ನೀರು ಜಾಸ್ತಿ, ಅಷ್ಟೇ. ಹಾಗಾಗಿ ಗಿಡ ಇಟ್ಟ ಜಾಗವನ್ನು ತಂಪಾಗಿಟ್ಟರೂ ಅರ್ಧ ಕೆಲಸ ಆದಂತೆ. ಪಶ್ಚಿಮದ ಕಿಟಕಿಯಿಂದ ತೆಗೆದು ಪೂರ್ವದ ಕಿಟಕಿಗೆ ತಾ.

ಫೋಟೋದಲ್ಲಿ ಗಿಡದ ಹಿಂದೆ ಎಸಿ ಕಾಣಿಸಿತು. ನನಗೆ ಅನುಮಾನ ಇರುವುದು ಅದರ ಮೇಲೇ. ಈ ಗಿಡದ ಸ್ವಭಾವ ಸ್ವಲ್ಪ ಬೇರೆ. ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಉಸಿರಾಡಿದರೆ ಇದು ಮುಖ್ಯವಾಗಿ ರಾತ್ರಿ ತೆರೆಯುತ್ತೆ. ಒಣ ಮಧ್ಯಾಹ್ನವನ್ನು ಬಾಗಿಲು ಮುಚ್ಚಿಕೊಂಡು ಕಳೆಯುವ ಉಪಾಯ ಅದು. ರಾತ್ರಿ ಸೆಖೆ ಇಳಿದಂತೆ ತೇವಾಂಶ ತಾನಾಗಿಯೇ ಏರುತ್ತೆ, ಗಿಡಕ್ಕೆ ಸುಧಾರಿಸಿಕೊಳ್ಳಲು ಆಗುತ್ತೆ. ನೀವು ಅದೇ ಹೊತ್ತಿಗೆ ಎಸಿ ಹಾಕುತ್ತೀರಿ. ಎಸಿಯ ಪೈಪಿನಿಂದ ಹೊರಗೆ ತೊಟ್ಟಿಕ್ಕುವ ನೀರು ಕೋಣೆಯ ಗಾಳಿಯಲ್ಲಿದ್ದದ್ದೇ. ಅದು ಸಾಲದು ಅಂತ ತಣ್ಣನೆ ಗಾಳಿ ನೇರ ಮೊಗ್ಗಿಗೆ ಬಡಿದರೆ ಮೊಗ್ಗು ಹೇಗೆ ನಿಂತೀತು? ಗಿಡವನ್ನು ಮಲಗುವ ಕೋಣೆಯಿಂದ ಹಾಲಿಗೆ ಸಾಗಿಸು. ಎಸಿ ಬಿಡಿ ಅಂತ ಅಳಿಯಂದಿರಿಗೆ ಹೇಳುವ ಧೈರ್ಯ ನನಗಿಲ್ಲ. ಹಾಲಿನಲ್ಲಿ ಬಾಳೆಹಣ್ಣಿನ ಬುಟ್ಟಿ ಪಕ್ಕದಲ್ಲಿ ಮಾತ್ರ ಇಡಬೇಡ. ಮಾಗುವ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೂ ಮೊಗ್ಗು ಉದುರುತ್ತೆ.

ಆಮೇಲೆ ಒಂದು ಸಣ್ಣ ತೇವಾಂಶ ಮಾಪಕ ತಗೋ, ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅದನ್ನು ಸುಮ್ನೆ ನಂಬಬೇಡ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಬೆರೆಸು. ಮಾಪಕವನ್ನೂ ಉಪ್ಪನ್ನೂ ಒಂದೇ ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡು. ಬೆಳಗ್ಗೆ 75 ತೋರಿಸಬೇಕು. 70 ತೋರಿಸಿದರೆ ಅದು ಐದು ಕಡಿಮೆ ಹೇಳುವ ಮಾಪಕ, ಕೂಡಿಸಿಕೊಂಡು ಓದು. ಮಿಲ್ಲಿನಲ್ಲಿ ನಮ್ಮದು ಎರಡು ಥರ್ಮಾಮೀಟರಿನ ಕಾರುಬಾರು, ಒಂದಕ್ಕೆ ಒದ್ದೆ ಬಟ್ಟೆ, ಇನ್ನೊಂದು ಹಾಗೇ, ಎರಡರ ಅಂತರ ನೋಡಿ ತೇವಾಂಶದ ಲೆಕ್ಕ. ಒಣದ್ದು 34, ಒದ್ದೆಯದ್ದು 22 ಇದ್ದರೆ ತೇವಾಂಶ ಸುಮಾರು 35. ಮನೆಯಲ್ಲಿ ನಿನ್ನ ದೊಡ್ಡಮ್ಮನ ಅಳತೆ ಮಂಡಕ್ಕಿ. ಬಟ್ಟಲಲ್ಲಿ ಬಿಟ್ಟ ಮಂಡಕ್ಕಿ ಬೇಗ ಮೆತ್ತಗಾದರೆ ಗಾಳಿಯಲ್ಲಿ ಪಸೆ ಇದೆ, ಸಂಜೆವರೆಗೂ ಗರಿಗರಿ ಇದ್ದರೆ ಇಲ್ಲ. ನಮ್ಮೂರಲ್ಲಿ ಮಂಡಕ್ಕಿಗೇನು ಬರವಿಲ್ಲವಲ್ಲ.

ತೇವಾಂಶ ಏರಿಸುವುದು ಹೇಗೆ ಅಂದರೆ, ಎಲ್ಲರೂ ಹೇಳುವ ಬೆಣಚುಕಲ್ಲಿನ ತಟ್ಟೆ ಇದೆಯಲ್ಲ, ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಕುಂಡದ ಹತ್ತಿರ ನಾಲ್ಕೈದು ಏರಿದರೆ ಹೆಚ್ಚು. ಇಡುವುದಾದರೆ ಅಗಲದ ತಟ್ಟೆ ಇಡು, ಕುಂಡದ ತಳ ನೀರಿಗೆ ತಾಗದಿರಲಿ. ಅದಕ್ಕಿಂತ ಒಳ್ಳೆಯದು ಗಿಡಗಳನ್ನು ಗುಂಪಾಗಿ ಇಡುವುದು. ನಿನ್ನ ಹತ್ತಿರ ಜರಿಗಿಡ, ಮನಿಪ್ಲಾಂಟ್ ಇವೆ. ಅವುಗಳ ಎಲೆ ಬಿಡುವ ತೇವದಲ್ಲಿ ಇದಕ್ಕೂ ಪಾಲು ಸಿಗುತ್ತೆ.

ನಮ್ಮ ಬಯಲುಸೀಮೆಗೆ ನನ್ನ ಓಟು ಕೂಲರಿಗೆ. ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆಯುವ ಆ ಕೂಲರ್ ನಮ್ಮ ಮಿಲ್ಲಿನ ಫ್ಯಾನು-ತುಂತುರಿನ ವ್ಯವಸ್ಥೆಯ ಮರಿ. ಗಾಳಿ ಒಣಗಿದ್ದಷ್ಟೂ ಚೆನ್ನಾಗಿ ಕೆಲಸ ಮಾಡುತ್ತೆ, ಸೆಖೆಯೂ ಇಳಿಯುತ್ತೆ, ತೇವವೂ ಬರುತ್ತೆ. ಮಧ್ಯಾಹ್ನ ಹಾಲಿನಲ್ಲಿ ಹಾಕಿ, ಒಂದು ಕಿಟಕಿ ತೆರೆದಿಡು. ಗಾಳಿ ಗಿಡದ ಮುಖಕ್ಕೆ ನೇರ ಹೊಡೆಯದ ಹಾಗೆ ತಿರುಗಿಸು. ನೀನು ಹೊರಗೆ ದುಡಿಯುವವಳು, ಅತ್ತೆಯವರು ಮನೆಯಲ್ಲಿರುತ್ತಾರೆ. ಅವರಿಗೂ ತಂಪಾಗುತ್ತೆ.

ಹೊಗೆಯಂತೆ ನೀರಿನ ಮಂಜು ಬಿಡುವ ಹ್ಯುಮಿಡಿಫೈಯರ್ ಬೇಕೇಬೇಕು ಅಂದರೆ ಬೋರ್‌ವೆಲ್ ನೀರು ಹಾಕಬೇಡ. ನಿಮ್ಮ ಜಿಲ್ಲೆಯ ಅಂತರ್ಜಲ ಗಡಸು, ಎಷ್ಟೋ ಕಡೆ ಫ್ಲೋರೈಡೂ ಇದೆ. ನೀರಿನಲ್ಲಿದ್ದ ಸುಣ್ಣವೆಲ್ಲ ಬಿಳಿ ಪುಡಿಯಾಗಿ ಎಲೆ, ಟಿವಿ, ದೇವರ ಫೋಟೋ ಮೇಲೆ ಕೂರುತ್ತೆ. ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆನೀರು ಹಾಕು. ಗಿಡಕ್ಕೆ ಹಾಕುವುದೂ ಅದೇ ಇರಲಿ.

ತೇವಾಂಶ ಏರಿಸುವ ಹುಚ್ಚಿನಲ್ಲಿ ಬಾಗಿಲು ಕಿಟಕಿ ಎಲ್ಲ ಜಡಿದು ಕೂರಬೇಡ, ಮಗಳೇ. ನಿಂತ ಒದ್ದೆ ಗಾಳಿಗೆ ಹೂವಿನ ದಳದಲ್ಲಿ ಚುಕ್ಕೆ ಬರುತ್ತೆ, ಗೋಡೆಗೆ ಬೂಷ್ಟು ಹಿಡಿಯುತ್ತೆ. ಸೀಲಿಂಗ್ ಫ್ಯಾನ್ ಒಂದರಲ್ಲಿ ಮೆಲ್ಲಗೆ ತಿರುಗುತ್ತಿರಲಿ. 50 ದಾಟಿದರೆ ಸಾಕು. ಮನೆ ಮನುಷ್ಯರಿಗಾಗಿ ಕಟ್ಟಿದ್ದು. ಜೂನ್ ಬಂದು ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಶುರುವಾದ ಮೇಲೆ ಇದ್ಯಾವುದೂ ಬೇಡ. ಆಗ ಜೋರು ಗಾಳಿಗೆ ಗಿಡ ಅಡ್ಡ ಬೀಳದಂತೆ ನೋಡಿಕೊಂಡರಾಯಿತು.

ನೀರು ಯಾವಾಗ ಹಾಕಬೇಕು ಅಂತ ಗಿಡದ ಬೇರು ತಾನೇ ಹೇಳುತ್ತೆ. ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ಹಾಕು, ಹಸಿರಾಗಿದ್ದರೆ ಸುಮ್ಮನಿರು. ಹಾಕುವುದು ಬೆಳಗ್ಗೆಯೇ ಇರಲಿ. ಎಲೆ ಸುಕ್ಕಾಗಿದ್ದರೆ ಗಾಳಿಯನ್ನು ಬೈಯುವ ಮೊದಲು ಬೇರು ನೋಡು. ಬೇರು ಒಣಗಿದರೂ ಸುಕ್ಕಾಗುತ್ತೆ, ಕೊಳೆತರೂ ಸುಕ್ಕಾಗುತ್ತೆ. ಒಣ ಬೇಸಿಗೆಯಲ್ಲಿ ಎಲೆಯ ಅಡಿಭಾಗಕ್ಕೆ ನುಸಿ ಹತ್ತುವುದೂ ಉಂಟು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎರಡೂ ಕಡೆ ಒರೆಸು.

ಈಗಾಗಲೇ ಹಳದಿಯಾದ ಮೊಗ್ಗುಗಳು ಏನು ಮಾಡಿದರೂ ಉದುರುತ್ತವೆ, ಅವನ್ನು ನೋಡಿ ಗಾಬರಿಯಾಗಬೇಡ. ದಂಟಿನ ತುದಿಯ ಸಣ್ಣ ಹಸಿರು ಮೊಗ್ಗುಗಳ ಮೇಲೆ ಕಣ್ಣಿಡು. ಎರಡು ವಾರ ಆದಮೇಲೂ ಅವು ಉದುರುತ್ತಿದ್ದರೆ ಕುಂಡದಿಂದ ಬೇರು ಕಾಣುವ ಹಾಗೆ ಒಂದು ಫೋಟೋ ಕಳಿಸು.

ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ದೊಡ್ಡಪ್ಪ